ಪಾನಕ

ಪಾನಕವೆಂದರೆ ಹೆಚ್ಚಾಗಿ ಹುಳಿ ಹಣ್ಣಿನ ರಸವನ್ನೋ ತಿರುಳನ್ನೋ ತಣ್ಣೀರಿನಲ್ಲಿ ಕದಡಿ, ಬೆಲ್ಲ ಅಥವಾ ಸಕ್ಕರೆ ಬೆರೆಸಿ, ಏಲಕ್ಕಿ, ಶುಂಠಿ, ಮೆಣಸು, ತುಳಸಿ, ಲಾವಂಚದಂಥ ಪರಿಮಳದ್ರವ್ಯ ಸೇರಿಸಿ ಮನೆಯಲ್ಲಿ ತಯಾರಿಸುವ ಬೇಸಿಗೆಯ ಪಾನೀಯ. ಇದನ್ನು ಹುದುಗಿಸುವುದಿಲ್ಲ. ಕೆಲವು ಬಗೆಗಳಲ್ಲಿ ಬೇರು, ಹೂವು ಅಥವಾ ಕಾಯನ್ನು ಬೇಯಿಸುವುದುಂಟಾದರೂ ಕುಡಿಯುವ ಹೊತ್ತಿಗೆ ಪಾನಕ ತಣ್ಣಗೇ ಇರುತ್ತದೆ. ಭಾರತದ ಬಹುಭಾಗದಲ್ಲಿ ಬಳಕೆಯಲ್ಲಿರುವ ಈ ಪಾನೀಯಕ್ಕೆ ಕರ್ನಾಟಕದಲ್ಲಿ ನಿಂಬೆ, ಬೇಲ, ಮುರುಗಲು, ಕರಬೂಜ, ಮಾವಿನಕಾಯಿ, ಹುಣಸೆ ಮುಖ್ಯ ಆಧಾರ.

ಪಾನಕ ಮತ್ತು ಶರಬತ್ತು ಎಂಬ ಹೆಸರುಗಳು ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಈ ಲೇಖನದಲ್ಲಿ ಆಗಲೇ ಬೆರೆಸಿ ಕುಡಿಯುವುದನ್ನು ಪಾನಕವೆಂದೂ, ಕೂಡಿಟ್ಟ ಗಟ್ಟಿ ಪಾಕಕ್ಕೆ ನೀರು ಬೆರೆಸಿ ಮಾಡುವುದನ್ನು ಶರಬತ್ತೆಂದೂ ಕರೆದಿದೆ. ನೀರು ಬೆರೆಸದ ಹಣ್ಣಿನ ರಸ, ಮಜ್ಜಿಗೆ ಮತ್ತು ಸೋಡಾ ಪಾನೀಯಗಳು ಈ ವರ್ಗಕ್ಕೆ ಸೇರುವುದಿಲ್ಲ.

ಇತಿಹಾಸ

ಪಾನಕದ ಉಲ್ಲೇಖ ಪ್ರಾಚೀನ ವೈದ್ಯಗ್ರಂಥಗಳಲ್ಲೇ ಸಿಗುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನಗಳನ್ನು ಕುರಿತ 46ನೆಯ ಅಧ್ಯಾಯ ಬೆಲ್ಲದ ಪಾನಕವನ್ನು ಹುಳಿ ಸೇರಿಸಿದ್ದು, ಸೇರಿಸದ್ದು ಎಂದು ವಿಂಗಡಿಸಿ, ದ್ರಾಕ್ಷಿ, ಫಾಲ್ಸಾ, ಬೋರೆ ಹಣ್ಣುಗಳ ಪಾನಕಗಳ ಗುಣವನ್ನು ಹೇಳುತ್ತದೆ. ಬೌದ್ಧ ಭಿಕ್ಷುಗಳ ನಡಾವಳಿಯನ್ನು ನಿರೂಪಿಸುವ ವಿನಯಪಿಟಕದಲ್ಲಿ ಎಂಟು ಬಗೆಯ ಪಾನಗಳಿಗೆ ಅನುಮತಿಯಿದೆ. ಮಾವು, ನೇರಳೆ, ಬಾಳೆ, ದ್ರಾಕ್ಷಿ ಅವುಗಳಲ್ಲಿ ಸೇರಿವೆ. ಮಧ್ಯಾಹ್ನದ ನಂತರ ಊಟ ಮಾಡದ ಭಿಕ್ಷುಗಳಿಗೆ ಈ ಪಾನಗಳು ಆಸರೆಯಾಗಿದ್ದವು.

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರದ ಬರಹದ ಪರಂಪರೆ ದೊಡ್ಡದು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಅಡುಗೆಯ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಯನ್ನೂ ವಿವರಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಡಿಯುವ ನೀರು, ಪಾನೀಯಗಳಿಗೆಂದೇ ಪಾನೀಯಭೋಗವೆಂಬ ಭಾಗವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇನ್ನೂ ಮುಂದೆ ಹೋಗಿ ಪಾನಕಕ್ಕೆ ಪೂರ್ತಿ ಒಂದು ಅಧ್ಯಾಯವನ್ನೇ ಮೀಸಲಿಡುತ್ತದೆ. ಅನ್ನ, ಪಲ್ಯ, ಹಿಟ್ಟಿನ ತಿಂಡಿಗಳಿಗೆ ಸರಿಸಮನಾದ ಸ್ಥಾನ ಅಲ್ಲಿ ಪಾನಕಕ್ಕೆ ದೊರೆತಿರುವುದು ಗಮನಾರ್ಹ.

ಶರಬತ್ತು ಎಂಬ ಹೆಸರು ಅರಬ್ಬಿ-ಪಾರಸಿ ಮೂಲದ್ದು. ಹಣ್ಣು, ಹೂವುಗಳ ಸಾರವನ್ನು ಸಕ್ಕರೆ ಪಾಕದಲ್ಲಿ ಕೂಡಿಟ್ಟುಕೊಂಡು ಬೇಕಾದಾಗ ನೀರಿಗೆ ಬೆರೆಸುವ ಪದ್ಧತಿ ಈ ಹೆಸರಿನೊಂದಿಗೆ ಗುರುತಾಗಿದೆ. ಎರಡು ಪದ್ಧತಿಗಳೂ ಇಂದು ಒಂದೇ ಅಡುಗೆಮನೆಯಲ್ಲಿ ಬೆರೆತುಹೋಗಿವೆ.

ಘಟಕಗಳು

ಸಾಮಾನ್ಯವಾಗಿ ಪಾನಕದಲ್ಲಿ ನೀರು, ಹುಳಿ, ಸಿಹಿ, ಪರಿಮಳ ಎಂಬ ನಾಲ್ಕು ಅಂಶಗಳಿರುತ್ತವೆ. ಇವುಗಳ ಜೊತೆಗೆ ಚಿಟಿಕೆ ಉಪ್ಪು ಬೀಳುತ್ತದೆ. ಉಪ್ಪಿನ ರುಚಿ ನಾಲಿಗೆಗೆ ತಿಳಿಯಬಾರದು. ಅದು ಹುಳಿಯ ಚುರುಕನ್ನು ತಗ್ಗಿಸಿ ಸಿಹಿಯನ್ನು ಎತ್ತಿಕೊಟ್ಟರೆ ಸಾಕು.

ಹುಳಿಯ ಮೂಲಗಳಲ್ಲಿ ನಿಂಬೆ ಮೊದಲನೆಯದು. ಕರ್ನಾಟಕದಲ್ಲಿ ನಿಂಬೆ, ಉತ್ತರ ಭಾಗದಲ್ಲಿ ಲಿಂಬೆ ಎನಿಸಿಕೊಳ್ಳುವ ತೆಳುಸಿಪ್ಪೆಯ ದುಂಡು ಹಣ್ಣು ಸಿಟ್ರಸ್ ಔರಾಂಟಿಫೋಲಿಯ. ಯುರೋಪು, ಅಮೆರಿಕಗಳ ಲೆಮನೇಡಿಗೆ ಬಳಸುವ ದಪ್ಪಸಿಪ್ಪೆಯ ಉದ್ದನೆಯ ಹಣ್ಣು ಬೇರೆ ಜಾತಿಯದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ನಿಂಬೆ ಬೆಳೆಗೆ ಹೆಸರಾಗಿದೆ. ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ನಡುಗಾತ್ರದ ಒಂದು ಹಣ್ಣಿನಿಂದ ಸುಮಾರು 15ರಿಂದ 20 ಮಿಲಿಲೀಟರ್ ರಸ ಬರುತ್ತದೆ. ರಸದಲ್ಲಿ ಶೇ. 5ರಿಂದ 6ರಷ್ಟು ಸಿಟ್ರಿಕ್ ಆಮ್ಲವಿರುತ್ತದೆ. ಪರಿಮಳ ಹೆಚ್ಚಾಗಿರುವುದು ರಸದಲ್ಲಲ್ಲ, ಸಿಪ್ಪೆಯ ಹೊರಪದರದ ಎಣ್ಣೆಯ ಕೋಶಗಳಲ್ಲಿ.

ಸಿಹಿಗೆ ಹಬ್ಬದ ಪಾನಕದಲ್ಲಿ ಬೆಲ್ಲ, ದಿನಬಳಕೆಯ ನಿಂಬೆ ಪಾನಕದಲ್ಲಿ ಹೆಚ್ಚಾಗಿ ಸಕ್ಕರೆ ಬಳಕೆಯಾಗುತ್ತದೆ. ಮಲೆನಾಡಿನಲ್ಲಿ ಜೋನಿ ಬೆಲ್ಲ ಉಪಯೋಗಿಸುವುದುಂಟು. ಅದು ಮೊದಲೇ ದ್ರವರೂಪದಲ್ಲಿರುವುದರಿಂದ ನೀರಿಗೆ ಬೇಗ ಬೆರೆಯುತ್ತದೆ. ಸಕ್ಕರೆಗೆ ಹೋಲಿಸಿದರೆ ಅಚ್ಚು ಬೆಲ್ಲದಲ್ಲಿ ಸಿಹಿಯ ಅಂಶ ಕಡಿಮೆಯಿರುವುದರಿಂದ ಅದೇ ಸಿಹಿಗೆ ಅದನ್ನು ತುಸು ಹೆಚ್ಚೇ ಹಾಕಬೇಕು. ಕಬ್ಬಿನ ಸಿಪ್ಪೆಯ ಚೂರು, ಮರಳು ಇರಬಹುದಾದ್ದರಿಂದ ಕರಗಿಸಿ ಬಟ್ಟೆಯಲ್ಲಿ ಸೋಸುವುದು ಕಡ್ಡಾಯ.

ಪರಿಮಳಕ್ಕೆ ಏಲಕ್ಕಿ, ಒಣಶುಂಠಿ, ಕಾಳುಮೆಣಸು ಸಾಂಪ್ರದಾಯಿಕ. ದೇವಸ್ಥಾನದ ಪಾನಕಕ್ಕೆ ಪಚ್ಚಕರ್ಪೂರ, ತುಳಸಿ ಸೇರುತ್ತವೆ. ಪಚ್ಚಕರ್ಪೂರವೆಂದರೆ ಅಡುಗೆಗೆಂದೇ ಮಾರುವ ಕರ್ಪೂರ. ಆರತಿಯ ಕರ್ಪೂರವನ್ನು ಅದರ ಬದಲು ಹಾಕಬಾರದು, ಅದು ವಿಷಕಾರಿ. ಹಸಿ ಮೂಲಿಕೆಗಳಲ್ಲಿ ಪುದೀನ, ತುಳಸಿ, ದೊಡ್ಡಪತ್ರೆ, ಒಂದೆಲಗ ಬಳಕೆಯಲ್ಲಿವೆ.

ತಯಾರಿಕೆ

ಒಂದು ಲೀಟರ್ ನೀರಿಗೆ ಮೂರು ನಾಲ್ಕು ನಿಂಬೆಹಣ್ಣಿನ ರಸ, ಅಂದರೆ ಸುಮಾರು 60 ಮಿಲಿಲೀಟರ್, ಮತ್ತು 120 ಗ್ರಾಂ ಸಕ್ಕರೆ ಅಥವಾ 150 ಗ್ರಾಂ ಬೆಲ್ಲ ಎಂಬುದು ಹದವಾದ ಅಳತೆ. ಈ ಪ್ರಮಾಣದಲ್ಲಿ ಹುಳಿ ಶೇ. 0.3ರ ಆಸುಪಾಸಿನಲ್ಲೂ ಸಿಹಿ ಶೇ. 10ಕ್ಕೆ ತುಸು ಮೇಲೆಯೂ ನಿಲ್ಲುತ್ತದೆ. ಅರ್ಧ ಚಹಾಚಮಚ ಏಲಕ್ಕಿ ಪುಡಿ, ಒಂದು ಚಮಚ ಒಣಶುಂಠಿ ಪುಡಿ, ಕಾಲು ಚಮಚ ಮೆಣಸಿನ ಪುಡಿ, ಚಿಟಿಕೆ ಉಪ್ಪು ಇದಕ್ಕೆ ಸಾಕು. ಇಲ್ಲಿ ಮೆಣಸಿನ ಪುಡಿಯೆಂದರೆ ಕಾಳುಮೆಣಸಿನದು.

ಅಳತೆಗಿಂತ ಕ್ರಮ ಮುಖ್ಯ. ಮೊದಲು ಬೆಲ್ಲ ಅಥವಾ ಸಕ್ಕರೆ ನೀರಿನಲ್ಲಿ ಪೂರ್ತಿ ಕರಗಬೇಕು. ಬಿಸಿನೀರಿನಲ್ಲಿ ಕರಗಿಸಿದರೆ ಅದು ಪೂರ್ತಿ ಆರಿದ ಮೇಲಷ್ಟೇ ರಸ ಹಿಂಡಬೇಕು. ಬಿಸಿಗೆ ಬಿದ್ದ ನಿಂಬೆರಸ ತನ್ನ ಘಮವನ್ನು ಕಳೆದುಕೊಂಡು ಬೇಯಿಸಿದ ವಾಸನೆ ಹೊಡೆಯುತ್ತದೆ, ಸಿ ಜೀವಸತ್ವವೂ ನಷ್ಟವಾಗುತ್ತದೆ. ಹಣ್ಣನ್ನು ಅಂಗೈಯಡಿ ಮಣೆಯ ಮೇಲೆ ಹೊರಳಿಸಿ ಅಡ್ಡಕ್ಕೆ ಕೊಯ್ದರೆ ರಸ ಸಲೀಸಾಗಿ ಇಳಿಯುತ್ತದೆ. ಸಿಪ್ಪೆ ಬಿಳಿಚಿಕೊಳ್ಳುವಷ್ಟು ಹಿಂಡುವುದು, ಬೀಜ ಅರೆಯುವಂತೆ ಒತ್ತುವುದು ಎರಡೂ ತಪ್ಪು. ಬೀಜ ಮತ್ತು ಸಿಪ್ಪೆಯ ಒಳಪದರದಲ್ಲಿರುವ ಲಿಮೊನಾಯ್ಡ್ ಎಂಬ ಸಂಯುಕ್ತಗಳು ರಸಕ್ಕಿಳಿದು ಕಹಿ ಕೊಡುತ್ತವೆ. ಈ ಕಹಿ ಕೆಲವು ಸಲ ಹಿಂಡಿದ ಕೂಡಲೇ ತಿಳಿಯದೆ, ಪಾನಕ ಒಂದೆರಡು ಗಂಟೆ ನಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನ ಜನಕ್ಕೆ ಮಾಡುವಾಗ ಬೆಲ್ಲದ ನೀರನ್ನು ಮೊದಲೇ ಸಿದ್ಧಮಾಡಿ, ಬಡಿಸುವ ಮುಂಚೆ ರಸ ಸೇರಿಸುವುದು ಇದಕ್ಕೇ.

ಪುದೀನ, ತುಳಸಿ ಎಲೆಗಳನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದರೆ ಬಣ್ಣ ಮಾಸಿ ಹಸಿಸೊಪ್ಪಿನ ಒಗರು ಮೇಲೇಳುತ್ತದೆ. ಅವನ್ನು ಒರಳಿನಲ್ಲಿ ಒಂದು ಚಮಚ ಸಕ್ಕರೆಯೊಂದಿಗೆ ಮೆಲ್ಲಗೆ ಜಜ್ಜಿ, ಹತ್ತು ನಿಮಿಷ ನೀರಿನಲ್ಲಿಟ್ಟು ಸೋಸುವುದು ಉತ್ತಮ ವಿಧಾನ. ಸಕ್ಕರೆಯ ಹರಳು ಎಲೆಯನ್ನು ಗೀರಿ ಎಣ್ಣೆಯನ್ನು ಬಿಡಿಸುತ್ತದೆ. ನಿಂಬೆಯ ಹಸಿರು ಸಿಪ್ಪೆಯನ್ನೂ ಹೀಗೆಯೇ ಸಕ್ಕರೆಯೊಂದಿಗೆ ಉಜ್ಜಿ ಘಮ ಪಡೆಯಬಹುದು.

ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಅನಿಸುತ್ತದೆ. ಆದ್ದರಿಂದ ಮಡಕೆಯಲ್ಲಿ ತಂಪಾಗಿಸುವ ಪಾನಕಕ್ಕಿಂತ ಮಂಜುಗಡ್ಡೆ ಹಾಕುವ ಪಾನಕ ಸ್ವಲ್ಪ ಸಿಹಿಯಾಗಿಯೇ ಇರಬೇಕಾಗುತ್ತದೆ. ಮಂಜು ಕರಗಿ ನೀರಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಾತ್ರೆಯ ಆಯ್ಕೆ ಸುರಕ್ಷತೆಯ ವಿಷಯ. ಹುಳಿಯು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಹಿತ್ತಾಳೆಯ ಕೊಳಗ, ಹಂಡೆಗಳಲ್ಲಿ ಮಾಡುವುದಾದರೆ ಒಳಗೆ ಕಲಾಯಿ ಇರಲೇಬೇಕು. ಸ್ಟೀಲು, ಗಾಜು, ಮಣ್ಣಿನ ಪಾತ್ರೆಗಳು ನಿರಪಾಯ.

ಬಗೆಗಳು

ಬೇಲದ ಹಣ್ಣಿನ ಪಾನಕ ಹಳೇ ಮೈಸೂರು ಭಾಗದಲ್ಲಿ ರಾಮನವಮಿಯ ವಿಶೇಷ. ಬೇಲ, ಅಂದರೆ ಲಿಮೋನಿಯ ಅಸಿಡಿಸಿಮ, ಶಿವಪೂಜೆಯ ಬಿಲ್ವಕ್ಕಿಂತ ಬೇರೆಯಾದ ಮರ. ಗಟ್ಟಿ ಕರಟವನ್ನು ನೆಲಕ್ಕೆ ಕುಕ್ಕಿ ಒಡೆದಾಗ ಹಣ್ಣಾಗಿದ್ದರೆ ಒಳಗಿನ ತಿರುಳು ಕಂದುಬಣ್ಣಕ್ಕಿದ್ದು ತೀಕ್ಷ್ಣವಾದ ವಾಸನೆ ಬರುತ್ತದೆ. ತಿರುಳನ್ನು ನೀರಿನಲ್ಲಿ ಕೈಯಿಂದ ಕಿವುಚಿ, ನಾರು ಮತ್ತು ಬೀಜವನ್ನು ಸೋಸಿ ತೆಗೆದು, ಬೆಲ್ಲ, ಏಲಕ್ಕಿ ಬೆರೆಸುತ್ತಾರೆ. ತಿರುಳಿನಲ್ಲೇ ಹುಳಿಯಿರುವುದರಿಂದ ನಿಂಬೆ ಬೇಕಿಲ್ಲ.

ಕರಬೂಜದ ಪಾನಕವೂ ಅದೇ ಹಬ್ಬದ್ದು. ಹಣ್ಣಿನಲ್ಲಿ ಹುಳಿ ಇಲ್ಲದ್ದರಿಂದ ಇದು ಮೃದುವಾಗಿ, ಮಂದವಾಗಿರುತ್ತದೆ. ತಿರುಳನ್ನು ಪೂರ್ತಿ ಅರೆಯದೆ ಅಲ್ಲಲ್ಲಿ ಸಣ್ಣ ತುಂಡುಗಳನ್ನು ಉಳಿಸುವುದು ರೂಢಿ. ಕರಾವಳಿಯಲ್ಲಿ ಹಣ್ಣಾದಾಗ ತಾನಾಗಿ ಬಿರಿಯುವ ಇಬ್ಬಡ್ಲೆ ಹಣ್ಣಿನಿಂದ ಇದೇ ಬಗೆಯ ಪಾನಕ ಮಾಡುತ್ತಾರೆ. ಕಲ್ಲಂಗಡಿಗೆ ನಿಂಬೆ ಮತ್ತು ಪುದೀನ ಬೆರೆಸುವುದು ಇತ್ತೀಚಿನ ರೂಢಿ.

ಮುರುಗಲು ಶರಬತ್ತು ಪಶ್ಚಿಮ ಘಟ್ಟದ ಕೊಡುಗೆ. ಗಾರ್ಸಿನಿಯ ಇಂಡಿಕ ಎಂಬ ಈ ಮರವನ್ನು ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಪುನರ್ಪುಳಿ, ಮಾರುಕಟ್ಟೆಯಲ್ಲಿ ಕೋಕಂ ಎನ್ನುತ್ತಾರೆ. ಹಣ್ಣು ಮಾಗುವುದು ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚೆ. ಕಡು ನೇರಳೆ ಬಣ್ಣಕ್ಕೆ ತಿರುಗಿದ ಹಣ್ಣನ್ನು ಅಡ್ಡಕ್ಕೆ ಹೋಳು ಮಾಡಿ ಬೀಜವನ್ನು ತೆಗೆದರೆ ಸಿಪ್ಪೆ ಪುಟ್ಟ ಬಟ್ಟಲಿನಂತೆ ಉಳಿಯುತ್ತದೆ. ಪ್ರತಿ ಬಟ್ಟಲಿಗೂ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಸಿಪ್ಪೆಯ ತೂಕದ ಸುಮಾರು ಎರಡರಷ್ಟು ಸಕ್ಕರೆ ಬೇಕು. ಬಾಯಿಗೆ ತೆಳುಬಟ್ಟೆ ಕಟ್ಟಿ ಐದಾರು ದಿನ ಬಿಸಿಲಿಗಿಟ್ಟು, ದಿನವೂ ಒಮ್ಮೆ ಮರದ ಸಟ್ಟುಗದಿಂದ ಕೆಳಗಿನದನ್ನು ಮೇಲಕ್ಕೆ ಮಾಡುತ್ತಾರೆ. ಸಕ್ಕರೆಯು ಸಿಪ್ಪೆಯೊಳಗಿನ ನೀರನ್ನು ಹೊರಕ್ಕೆಳೆಯುವುದರಿಂದ ಮೊದಲ ದಿನವೇ ತಳದಲ್ಲಿ ಕೆಂಪು ರಸ ಕಾಣಿಸಿ, ಕೊನೆಗೆ ಸಿಪ್ಪೆ ಸುಕ್ಕುಗಟ್ಟಿ ಪಾಕದ ಮೇಲೆ ತೇಲುತ್ತದೆ. ಸೋಸಿ ಬಾಟಲಿಗೆ ತುಂಬಿದ ಪಾಕ ಮುಂದಿನ ಬೇಸಿಗೆಯವರೆಗೆ ಕೆಡದೆ ಉಳಿಯುತ್ತದೆ. ನೀರು ಸೋಕಿದ ಚಮಚ ಹಾಕಿದರೆ ಮಾತ್ರ ಬೂಸಲು ಹಿಡಿಯುತ್ತದೆ. ಒಂದು ಪಾಲು ಪಾಕಕ್ಕೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಬೆರೆಸಿ ಕುಡಿಯುತ್ತಾರೆ.

ಮುರುಗಲಿನ ಕೆಂಪು ಬಣ್ಣಕ್ಕೆ ಆಂಥೋಸಯನಿನ್‌ಗಳೂ ಹುಳಿಗೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೂ ಕಾರಣ. ಈ ಬಣ್ಣ ಬೆಳಕು ಮತ್ತು ಬಿಸಿಗೆ ಮಾಸುವುದರಿಂದ ಬಾಟಲಿಯನ್ನು ಕತ್ತಲಲ್ಲಿಡಬೇಕು. ಹಳದಿ ಹಣ್ಣು ಬಿಡುವ ಬಿಳಿ ಮುರುಗಲು ಕೂಡ ಉತ್ತರ ಕನ್ನಡದಲ್ಲಿದೆ. ಒಣಗಿಸಿಟ್ಟ ಸಿಪ್ಪೆಯನ್ನು ನೆನೆಸಿ ಕಿವುಚಿದರೆ ವರ್ಷವಿಡೀ ಪಾನಕ ಮಾಡಬಹುದು. ಬೀಜದಿಂದ ತೆಗೆಯುವ ಕೊಬ್ಬು ಮುರುಗಲು ತುಪ್ಪವೆಂದು ಬೇರೆಯೇ ಬಳಕೆಗೆ ಬರುತ್ತದೆ.

ಮಾವಿನಕಾಯಿ ಪಾನಕಕ್ಕೆ ಹುಳಿ ಕಾಯನ್ನು ಇಡಿಯಾಗಿ ಬೇಯಿಸಿ ಅಥವಾ ಕೆಂಡದಲ್ಲಿ ಸುಟ್ಟು, ತಿರುಳನ್ನು ಬೆಲ್ಲ, ಜೀರಿಗೆ, ಏಲಕ್ಕಿಯೊಂದಿಗೆ ಕದಡುತ್ತಾರೆ. ಉತ್ತರ ಕನ್ನಡದ ಅಪ್ಪೆಹುಳಿ ಇದರ ಹತ್ತಿರದ ನಂಟಿನದಾದರೂ ಅದಕ್ಕೆ ಒಗ್ಗರಣೆ ಬೀಳುತ್ತದೆ, ಸಿಹಿ ಮುಖ್ಯವಲ್ಲ. ಅದು ಊಟದ ಪದಾರ್ಥ. ಹುಣಸೆಹಣ್ಣಿನ ಪಾನಕ ಬೆಲ್ಲದೊಂದಿಗೆ ಮಾತ್ರ ಹೊಂದುತ್ತದೆ.

ಹೂವಿನ ಪಾನಕಗಳಲ್ಲಿ ಕೆಂಪು ದಾಸವಾಳದ್ದು ಪ್ರಮುಖ. ಐದೆಸಳಿನ ಹೂವಿನ ದಳಗಳನ್ನು ಬಿಸಿನೀರಿಗೆ ಹಾಕಿದಾಗ ನೀರು ಮಂಕು ನೇರಳೆಯಾಗುತ್ತದೆ. ಆರಿದ ಮೇಲೆ ನಿಂಬೆರಸ ಬಿದ್ದೊಡನೆ ಅದು ಉಜ್ವಲ ಕೆಂಪಿಗೆ ತಿರುಗುತ್ತದೆ. ಮುರುಗಲಿನಂತೆ ಇಲ್ಲಿಯೂ ಆಂಥೋಸಯನಿನ್‌ಗಳಿದ್ದು, ಹುಳಿಯೊಂದಿಗೆ ಅವುಗಳ ಬಣ್ಣ ಬದಲಾಗುತ್ತದೆ.

ಬೇರಿನ ಶರಬತ್ತುಗಳಲ್ಲಿ ಸೊಗದೆ ಬೇರಿನದು ಪ್ರಸಿದ್ಧ. ಹೆಮಿಡೆಸ್ಮಸ್ ಇಂಡಿಕಸ್ ಎಂಬ ಬಳ್ಳಿಯ ಈ ಬೇರಿಗೆ ನಾಮದ ಬೇರು, ನನ್ನಾರಿ, ಸಾರಿವಾ ಎಂಬ ಹೆಸರುಗಳಿವೆ. ಬೇರನ್ನು ತೊಳೆದು ಜಜ್ಜಿ, ನಡುವಿನ ಕಡ್ಡಿಯನ್ನು ತೆಗೆದು, ಸಿಪ್ಪೆಯನ್ನು ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಸಿ, ಸೋಸಿದ ನೀರಿಗೆ ಸಕ್ಕರೆ ಹಾಕಿ ಪಾಕ ಮಾಡುತ್ತಾರೆ. ವೆನಿಲ್ಲಾವನ್ನು ಹೋಲುವ ಇದರ ಘಮ ಮಾಕಳಿ ಬೇರಿನಲ್ಲೂ ಇದೆ. ಆದರೆ ಉಪ್ಪಿನಕಾಯಿಗೆ ಹೆಸರಾದ ಮಾಕಳಿ ಬೇರೆ ಸಸ್ಯ. ಸಾರಿವಾ ಎಂದು ಅದನ್ನೇ ಮಾರುವುದೂ ಉಂಟು. ಲಾವಂಚದ ಬೇರಿನ ಕಟ್ಟನ್ನು ಕುಡಿಯುವ ನೀರಿನ ಮಡಕೆಯಲ್ಲಿ ಹಾಕಿಟ್ಟು, ಆ ನೀರಿನಿಂದಲೇ ನಿಂಬೆ ಪಾನಕ ಮಾಡುವುದು ಸರಳ ಉಪಾಯ.

ಕಾಮಕಸ್ತೂರಿ ಬೀಜ ಸ್ವತಂತ್ರ ಪಾನಕವಲ್ಲ, ಪಾನಕಕ್ಕೆ ಹಾಕುವ ಜೊತೆವಸ್ತು. ನೀರಿನಲ್ಲಿ ನೆನೆದಾಗ ಅದರ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಪೂರ್ತಿ ನೆನೆಸದೆ ಒಣ ಬೀಜವನ್ನು ಮಕ್ಕಳಿಗೆ ಕೊಡಬಾರದು, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಹಣ್ಣಿಲ್ಲದೆ ಎಳ್ಳು, ಹೆಸರುಕಾಳು, ರಾಗಿಗಳನ್ನು ಹುರಿದು ಅಥವಾ ನೆನೆಸಿ ಅರೆದು ಬೆಲ್ಲ ಬೆರೆಸಿದ ತಂಪು ಪಾನೀಯಗಳಿಗೂ ಮಲೆನಾಡು, ಕರಾವಳಿಗಳಲ್ಲಿ ಪಾನಕವೆಂದೇ ಹೆಸರು. ಮಂಗಳೂರಿನ ಬೊಂಡ ಶರಬತ್ತು ಎಳನೀರು ಮತ್ತು ಅದರ ಎಳೆ ಗಂಜಿಯಿಂದ ಮಾಡಿದ್ದು.

ಆಚರಣೆ ಮತ್ತು ಬಳಕೆ

ಚೈತ್ರ ಶುದ್ಧ ನವಮಿಯಾದ ರಾಮನವಮಿಯಂದು ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿಗಳ ನೈವೇದ್ಯ ಹಳೇ ಮೈಸೂರು ಪ್ರಾಂತದ ಮನೆಗಳಲ್ಲೂ ಬೀದಿಯ ಚಪ್ಪರಗಳಲ್ಲೂ ನಡೆಯುತ್ತದೆ. ಹಬ್ಬದ ಮೂರು ಪದಾರ್ಥಗಳೂ ಒಲೆಯ ಹಂಗಿಲ್ಲದವು, ಬಿಸಿಲುಗಾಲಕ್ಕೆ ಹೇಳಿ ಮಾಡಿಸಿದಂಥವು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಈ ಋತುವಿನ ಸಾರ್ವಜನಿಕ ಮುಖ. ಆಂಧ್ರಪ್ರದೇಶದ ಮಂಗಳಗಿರಿಯ ನರಸಿಂಹ ದೇವಾಲಯದಲ್ಲಿ ಬೆಲ್ಲದ ಪಾನಕವನ್ನು ದೇವರ ಬಾಯಿಗೇ ಎರೆದು, ಉಳಿದದ್ದನ್ನು ಪ್ರಸಾದವಾಗಿ ಕೊಡುತ್ತಾರೆ. ಅಲ್ಲಿನ ದೇವರ ಹೆಸರೇ ಪಾನಕಾಲ ಸ್ವಾಮಿ.

ಜಾತ್ರೆ, ರಥೋತ್ಸವಗಳಿಗೆ ಸಿಂಗರಿಸಿದ ಎತ್ತಿನ ಗಾಡಿಯಲ್ಲಿ ಪಾನಕ ತುಂಬಿ ತಂದು ಹಂಚುವ ಪಾನಕದ ಬಂಡಿ, ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕ ಕೊಡುವ ಅರವಟ್ಟಿಗೆ ಇವು ಬೇಸಿಗೆಯ ದಾನದ ರೂಪಗಳು. ಉತ್ತರ ಕರ್ನಾಟಕದಲ್ಲಿ ಮೊಹರಂ ದಿನಗಳಲ್ಲಿ ಶರಬತ್ತು ಹಂಚುತ್ತಾರೆ. ಮದುವೆಯಲ್ಲಿ ಬೀಗರನ್ನು ಎದುರುಗೊಂಡಾಗ ಮೊದಲು ಪಾನಕ ಕೊಡುವ ವಾಡಿಕೆ ಇದೆ. ಕರಾವಳಿ, ಮಲೆನಾಡುಗಳಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಮೊದಲ ಉಪಚಾರ; ಹವ್ಯಕರ ಮನೆಗಳಲ್ಲಿ ‘ಆಸರಿಗೆ ಏನು ಬೇಕು’ ಎಂದು ಕೇಳಿದರೆ ಬಾಯಾರಿಕೆಗೆ ಏನು ಕೊಡಲಿ ಎಂದರ್ಥ.

ಆರೋಗ್ಯದ ದೃಷ್ಟಿ

ಬೆವರಿನಿಂದ ಕಳೆದುಹೋದ ನೀರನ್ನೂ ಒಂದಿಷ್ಟು ಉಪ್ಪು, ಸಕ್ಕರೆಯನ್ನೂ ಪಾನಕ ಮರಳಿ ಕೊಡುತ್ತದೆ. ಆದರೆ ವಾಂತಿಭೇದಿಯಲ್ಲಿ ಅದು ಓಆರ್‌ಎಸ್‌ಗೆ ಬದಲಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಹೊಂದಿರುತ್ತದೆ. ಪಾನಕದಲ್ಲಿ ಸಿಹಿ ಅದರ ಹಲವು ಪಟ್ಟು, ಉಪ್ಪು ಬಹಳ ಕಡಿಮೆ. ಅಷ್ಟು ಸಿಹಿ ಭೇದಿಯನ್ನು ಹೆಚ್ಚಿಸಬಲ್ಲದು. 200 ಮಿಲಿಲೀಟರಿನ ಒಂದು ಲೋಟ ಪಾನಕದಲ್ಲಿ 20 ಗ್ರಾಮಿಗೂ ಮೇಲ್ಪಟ್ಟು ಸಕ್ಕರೆಯಿರುತ್ತದೆ. ಬೆಲ್ಲವಾದರೂ ಮಧುಮೇಹಿಗಳ ಮಟ್ಟಿಗೆ ಅದು ಸಕ್ಕರೆಯೇ. ಬೀದಿಯಲ್ಲಿ ಮಾರುವ ಪಾನಕದಿಂದ ರೋಗ ಹರಡುವುದು ಹೆಚ್ಚಾಗಿ ಶುದ್ಧವಲ್ಲದ ನೀರು ಮತ್ತು ಮಂಜುಗಡ್ಡೆಯಿಂದ. ನಿಂಬೆಯ ಹುಳಿ ಅದನ್ನು ಶುದ್ಧಗೊಳಿಸುತ್ತದೆಂದು ನಂಬಿ ಕುಡಿಯಬಾರದು.

ಈಗಿನ ಸ್ಥಿತಿ

ಸೋಡಾ ಪಾನೀಯಗಳು, ಪುಡಿ ಬೆರೆಸುವ ಪಾನೀಯಗಳು ದಿನಬಳಕೆಯಲ್ಲಿ ಪಾನಕದ ಜಾಗವನ್ನು ಬಹುಮಟ್ಟಿಗೆ ತೆಗೆದುಕೊಂಡಿವೆ. ಹಬ್ಬದ ಪಾನಕಕ್ಕೆ ಮಾತ್ರ ಕುಂದಿಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಹಣ್ಣಿನ ಪಾನೀಯಗಳ ಸಂಸ್ಕರಣೆಯಲ್ಲಿ ಕೆಲಸ ಮಾಡಿದೆ. ಭಾರತದ ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ನೇರ ಕುಡಿಯುವ ಹಣ್ಣಿನ ಪಾನೀಯದಲ್ಲಿ ಕನಿಷ್ಠ ಶೇ. 10ರಷ್ಟು ಹಣ್ಣಿನ ಅಂಶವಿರಬೇಕು. ನಿಂಬೆಗೆ ಮಾತ್ರ ಶೇ. 5 ಸಾಕು, ಏಕೆಂದರೆ ಅದರ ರಸ ಬಹಳ ಹುಳಿ. ನಿಂಬೆಯ ಪಾಕವನ್ನು ಕೆಡದಂತೆ ಇಡಲು ಬಳಸುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಮುರುಗಲಿಗೆ ಹೊಂದುವುದಿಲ್ಲ. ಅದು ಕೆಂಪು ಬಣ್ಣವನ್ನು ಬಿಳಿಚಿಸುತ್ತದೆ. ಆದ್ದರಿಂದ ಅಲ್ಲಿ ಸೋಡಿಯಂ ಬೆಂಜೊಯೇಟ್ ಹಾಕುತ್ತಾರೆ. ಸೊಗದೆ ಬೇರಿನ ಹೆಸರಿನಲ್ಲಿ ಮಾರಾಟವಾಗುವ ಬಾಟಲಿಗಳಲ್ಲಿ ಬೇರಿನ ಸಾರವಿಲ್ಲದೆ ಕೃತಕ ಪರಿಮಳ ಮಾತ್ರವಿರುವುದೂ ಉಂಟು; ಕೊಳ್ಳುವವರು ಚೀಟಿಯ ಮೇಲಿನ ಘಟಕಗಳ ಪಟ್ಟಿಯನ್ನು ಓದುವುದು ಅಗತ್ಯ.

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮುರುಗಲು ಪಾಕದ ತಯಾರಿಕೆ ಗೃಹೋದ್ಯಮವಾಗಿ ಬೆಳೆದಿದೆ. ಹಣ್ಣಿನ ಬಹುಪಾಲು ಕಾಡು ಮತ್ತು ಬೆಟ್ಟದ ಮರಗಳಿಂದ ಬರುತ್ತದೆ. ಕೊಯ್ಲಿನ ಕೊನೆಯ ದಿನಗಳಲ್ಲಿ ಮಳೆ ಹಿಡಿದರೆ ಹಣ್ಣು ಉದುರಿ ಕೊಳೆಯುವುದೂ ಸಿಪ್ಪೆ ಒಣಗದಿರುವುದೂ ಈ ಉದ್ಯಮದ ಮುಖ್ಯ ತೊಡಕು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ, ಅದು ತಿಳಿಯುವುದು ಹಲವು ವರ್ಷಗಳ ನಂತರ ಹೂ ಬಿಟ್ಟಾಗಲೇ. ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದ ಗಿಡಗಳಲ್ಲಿ ಈ ಸಂದೇಹವಿಲ್ಲ, ಫಲವೂ ಬೇಗ ಬರುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ಮುರುಗಲು ನೆಡುವವರು ಈಗ ಕಸಿ ಗಿಡಗಳನ್ನೇ ಆರಿಸಿಕೊಳ್ಳುತ್ತಿದ್ದಾರೆ.